ವರ್ಷಕ್ಕೆ ಆರು ಕತೆ: ಕನ್ನಡ ಕತೆಗಾರರಿಗೆ ಗೂಗಲ್ ಡಾಕ್ಸ್, ಶೀಟ್ಸ್ ಎಷ್ಟು ಒದಗುತ್ತವೆ?

ಹೊಸ ವರ್ಷ ಬಂತೆಂದರೆ ಬರೆಯುವವರು ಹಾಕಿಕೊಳ್ಳುವ ಸಂಕಲ್ಪಗಳು ಹೆಚ್ಚುಕಡಿಮೆ ಒಂದೇ ಥರ. ‘ಈ ವರ್ಷ ಸಂಕಲನ ತರಬೇಕು’, ‘ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಬಹುಮಾನ ಬರಬೇಕು’, ‘ದಿನಾ ಬರೆಯಬೇಕು’. ಮೊದಲೆರಡು ಪ್ರಕಾಶಕರ ಮತ್ತು ತೀರ್ಪುಗಾರರ ಕೈಯಲ್ಲಿರುವಂಥವು. ಮೂರನೆಯದು ನಮ್ಮ ಕೈಯಲ್ಲೇ ಇದ್ದರೂ ಏನನ್ನು ಯಾವಾಗ ಮುಗಿಸಬೇಕು ಅಂತ ಹೇಳುವುದಿಲ್ಲ. ಹಾಗಾಗಿ ಸಂಕ್ರಾಂತಿ ಕಳೆಯುವಷ್ಟರಲ್ಲಿ ಬಿಟ್ಟುಹೋಗುತ್ತದೆ. ಸಣ್ಣಕತೆ ಬರೆಯುತ್ತಲೇ ಕೈ ಪಳಗಿಸಿಕೊಳ್ಳಬೇಕು ಅನ್ನುವವರಿಗೆ ಬೇಕಾದ ಸಂಕಲ್ಪ ಇದು: ಇಷ್ಟು ಕತೆ ಮುಗಿಸುತ್ತೇನೆ, ಪ್ರತಿಯೊಂದನ್ನೂ ಇಷ್ಟು ಸಲ ತಿದ್ದುತ್ತೇನೆ, ಇಷ್ಟು ಕಡೆ ಕಳಿಸುತ್ತೇನೆ. ಈ ಮೂರು ಲೆಕ್ಕವನ್ನೂ ವರ್ಷಪೂರ್ತಿ ಹಿಡಿದಿಡಲು ಒಂದು ಸಾಧನ ಬೇಕಾಗುತ್ತದೆ. ಆ ಕೆಲಸಕ್ಕೆ ನೆಟ್‌ನಲ್ಲೇ ಬರೆದು ತಿದ್ದುವ ಗೂಗಲ್ ಡಾಕ್ಸ್ ಮತ್ತು ಲೆಕ್ಕದ ಪಟ್ಟಿ ಇಡುವ ಅದರ ಜೋಡಿ ಶೀಟ್ಸ್ ಹೇಗೆ ಅನ್ನುವುದು ಈ ವಿಮರ್ಶೆಯ ವಿಷಯ.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಕತೆ ತಿದ್ದುವುದಕ್ಕೆ, ನಾಲ್ಕು ಜನರಿಂದ ಓದಿಸುವುದಕ್ಕೆ, ಕಳಿಸಿದ್ದರ ಲೆಕ್ಕ ಇಡುವುದಕ್ಕೆ ದುಡ್ಡು ಕೊಡದೆ ಸಿಗುವ ಸಾಧನಗಳಲ್ಲಿ ಇದಕ್ಕೇ ನಮ್ಮ ಮತ. ಮೊದಲ ಕರಡು ಬರೆಯುವುದಕ್ಕೆ ಮಾತ್ರ ಅಷ್ಟಕ್ಕಷ್ಟೆ.

ಆರೇ ಯಾಕೆ

ಸಾಧನದ ವಿಚಾರಕ್ಕೆ ಹೋಗುವ ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ, ಏಕೆಂದರೆ ಲೆಕ್ಕ ತಪ್ಪಿದ್ದರೆ ಯಾವ ಆ್ಯಪ್ ಕೂಡ ಕಾಪಾಡುವುದಿಲ್ಲ. ವಾರಕ್ಕೊಂದು ಕತೆ ಎಂಬ ಸಂಕಲ್ಪ ಹಲವರು ಮಾಡುತ್ತಾರೆ. ಕೆಲಸ, ಸಂಸಾರ ಎರಡೂ ಇರುವವರಿಗೆ ಅದರಲ್ಲಿ ತಿದ್ದುವ ಹೊತ್ತೇ ಉಳಿಯುವುದಿಲ್ಲ. 52 ಕರಡುಗಳು ಆಗುತ್ತವೆ, ಮುಗಿದ ಕತೆ ಒಂದೂ ಇರುವುದಿಲ್ಲ. ಆರು ಕತೆ ಅಂದರೆ ಒಂದಕ್ಕೆ ಎಂಟೂವರೆ ವಾರ ಸಿಗುತ್ತದೆ. ಅದನ್ನು ಹೀಗೆ ಹಂಚಬಹುದು: ಮೊದಲ ಎರಡು ವಾರ ಕರಡು. ಮುಂದಿನ ಎರಡು ವಾರ ಕತೆಯನ್ನು ಮುಟ್ಟುವಂತಿಲ್ಲ. ಐದನೇ ವಾರ ಎರಡನೇ ಕರಡು. ಆರು ಮತ್ತು ಏಳನೇ ವಾರ ಓದುಗರ ಕೈಯಲ್ಲಿ. ಎಂಟನೇ ವಾರ ಕೊನೆಯ ತಿದ್ದುಪಡಿ. ಉಳಿದ ಮೂರು ನಾಲ್ಕು ದಿನ ಕಾಗುಣಿತ ನೋಡಿ ಕಳಿಸುವುದಕ್ಕೆ.

ಎರಡು ಸಾವಿರ ಪದದ ಕತೆಗೆ ಎರಡು ವಾರದಲ್ಲಿ ಹತ್ತು ದಿನ ಕೂತರೂ ದಿನಕ್ಕೆ ಇನ್ನೂರು ಪದ ಸಾಕು. ನಡುವಿನ ಆ ಎರಡು ವಾರದ ಬಿಡುವನ್ನು ಬಹಳ ಜನ ನುಂಗಿಹಾಕುತ್ತಾರೆ. ಹಾಗೆ ಮಾಡಬಾರದು. ಬರೆದ ಮರುದಿನ ಓದಿದರೆ ತಲೆಯಲ್ಲಿರುವ ಕತೆಯೇ ಕಾಣುತ್ತದೆ; ಹಾಳೆಯ ಮೇಲೆ ನಿಜಕ್ಕೂ ಏನಿದೆ ಅನ್ನುವುದು ಕಾಣಬೇಕಾದರೆ ಸ್ವಲ್ಪ ಮರೆತಿರಬೇಕು. ಆ ಬಿಡುವಿನಲ್ಲಿ ಮುಂದಿನ ಕತೆಯ ಟಿಪ್ಪಣಿ ಮಾಡಿಕೊಳ್ಳಬಹುದು.

ಏಪ್ರಿಲ್, ಮೇ ತಿಂಗಳಲ್ಲಿ ಮದುವೆ, ಪರೀಕ್ಷೆ, ಮಕ್ಕಳ ರಜೆ ಎಲ್ಲ ಒಟ್ಟಿಗೆ ಬಂದು ವೇಳಾಪಟ್ಟಿ ಜಾರುವುದು ಹೆಚ್ಚು. ಆಗ ಎರಡು ಕತೆಯನ್ನು ಒಂದೇ ಅವಧಿಯಲ್ಲಿ ತುರುಕಲು ಹೋದರೆ ಎರಡೂ ಕೆಡುತ್ತವೆ. ಆ ಅವಧಿಗೆ ಜನವರಿಯಲ್ಲೇ ಐನೂರು ಪದದ ಕಿರುಗತೆಯೊಂದನ್ನು ಇಟ್ಟುಕೊಳ್ಳುವುದು ಜಾಣತನ.

ಎಷ್ಟು ಎಂಬುದರ ಜೊತೆಗೆ ಏನು ಕಲಿಯಬೇಕು ಎಂಬುದೂ ಸಂಕಲ್ಪದಲ್ಲಿ ಇರಲಿ. ಪ್ರತಿ ಕತೆಗೆ ಒಂದೇ ಒಂದು ಪಟ್ಟು. ಹಿಂದಿನ ನೆನಪು ಒಂದೂ ಬಾರದ ಕತೆ. ಒಂದೇ ದಿನದಲ್ಲಿ, ಒಂದೇ ಮನೆಯೊಳಗೆ ನಡೆಯುವ ಕತೆ. ಮುಕ್ಕಾಲು ಪಾಲು ಮಾತಿನಲ್ಲೇ ಸಾಗುವ ಕತೆ. ಬರೆಯುವವರಿಗಿಂತ ಮೂವತ್ತು ವರ್ಷ ದೊಡ್ಡವರೋ ಚಿಕ್ಕವರೋ ಹೇಳುವ ಕತೆ. ಹೀಗೆ ಆರು ಸಾಲು ಬರೆದಿಟ್ಟುಕೊಂಡರೆ ವರ್ಷದ ಕೊನೆಗೆ ಯಾವುದು ಕೈಗೆ ಬಂತು, ಯಾವುದು ಬರಲಿಲ್ಲ ಎಂದು ನೋಡಲು ಒಂದು ಆಧಾರ ಸಿಗುತ್ತದೆ. ಎಲ್ಲ ಕತೆಗೂ ‘ಚೆನ್ನಾಗಿ ಬರೆಯಬೇಕು’ ಎಂದು ಹಾಕಿಕೊಂಡರೆ ಆ ಆಧಾರ ಸಿಗುವುದಿಲ್ಲ.

ಹೊಂದಿಸಿಕೊಳ್ಳುವ ಬಗೆ

ಡಾಕ್ಸ್ ತೆರೆದ ಕೂಡಲೇ ಕನ್ನಡಕ್ಕೆ ಸಿದ್ಧವಾಗಿರುವುದಿಲ್ಲ. ಮೊದಲು ಫೈಲ್ ಮೆನುವಿನ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಆರಿಸಬೇಕು. ಆಮೇಲೆ ಮೇಲಿನ ಪಟ್ಟಿಯಲ್ಲಿ ಇನ್‌ಪುಟ್ ಟೂಲ್ಸ್ ಗುರುತು ಕಾಣಿಸಿಕೊಳ್ಳುತ್ತದೆ. ಬೇರೆ ಕೀಲಿಮಣೆ ತಂತ್ರಾಂಶ ಹಾಕಿಕೊಳ್ಳದ ಕಂಪ್ಯೂಟರಿನಲ್ಲೂ ಅದರಿಂದ ಕನ್ನಡ ಟೈಪ್ ಮಾಡಬಹುದು.

ಎರಡನೆಯದು ಅಕ್ಷರ. ಡಾಕ್ಸ್ ತಾನಾಗಿ ಕೊಡುವ ಏರಿಯಲ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಹಾಗಾಗಿ ಆಯಾ ಕಂಪ್ಯೂಟರ್ ಅಥವಾ ಫೋನು ತನ್ನಲ್ಲಿರುವ ಯಾವುದೋ ಕನ್ನಡ ಫಾಂಟನ್ನು ತಂದು ತೋರಿಸುತ್ತದೆ. ಒಂದೇ ಕತೆ ಒಂದು ಕಡೆ ಆರು ಪುಟ, ಇನ್ನೊಂದು ಕಡೆ ಏಳು ಪುಟ ಕಾಣುವುದಕ್ಕೆ ಇದೇ ಕಾರಣ. ಫಾಂಟ್ ಪಟ್ಟಿಯ ಮೇಲೆ ಮೋರ್ ಫಾಂಟ್ಸ್ ಒತ್ತಿ, ಸ್ಕ್ರಿಪ್ಟ್ಸ್ ಎಂಬಲ್ಲಿ ಕನ್ನಡ ಆರಿಸಿದರೆ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ 2 ಮುಂತಾದವು ಸಿಗುತ್ತವೆ. ಉದ್ದದ ಗದ್ಯ ಓದುವುದಕ್ಕೆ ನಮ್ಮ ಆಯ್ಕೆ ನೋಟೋ ಸೆರಿಫ್ ಅಥವಾ ತಿರೋ. ಬಲೂ ತಮ್ಮ ಶೀರ್ಷಿಕೆಗೆ ಚೆನ್ನ, ಕತೆಯ ಮೈಗೆ ಭಾರವಾಗುತ್ತದೆ. ಅಕ್ಷರದ ಗಾತ್ರ 12 ಇರಲಿ, ಸಾಲಿನ ಅಂತರ 1.5 ಇರಲಿ. ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುವಂತಾಗಿ, ತಪ್ಪು ಹುಡುಕುವಾಗ ಕಣ್ಣು ಸೋಲುತ್ತದೆ.

2024ರ ಕೊನೆಯ ತಿಂಗಳುಗಳಲ್ಲಿ ಡಾಕ್ಸ್‌ಗೆ ಟ್ಯಾಬ್ ಸೌಲಭ್ಯ ಬಂತು. ಕತೆಗಾರರಿಗೆ ಇದು ನಿಜವಾದ ಉಪಕಾರ. ಕತೆಗೊಂದು ಡಾಕ್, ಅದರೊಳಗೆ ನಾಲ್ಕು ಟ್ಯಾಬ್: ‘ಟಿಪ್ಪಣಿ’, ‘ಕರಡು 1’, ‘ಕರಡು 2’, ‘ಬಿಟ್ಟ ಸಾಲುಗಳು’. ಕೊನೆಯದನ್ನು ತಪ್ಪದೆ ಇಟ್ಟುಕೊಳ್ಳಿ. ಇಷ್ಟಪಟ್ಟು ಬರೆದ ಸಾಲನ್ನು ಅಳಿಸಲು ಮನಸ್ಸು ಒಪ್ಪುವುದಿಲ್ಲ, ಆದರೆ ಪಕ್ಕದ ಟ್ಯಾಬಿಗೆ ಸಾಗಿಸಲು ಸುಲಭವಾಗಿ ಒಪ್ಪುತ್ತದೆ. ಒಂದು ಎಚ್ಚರಿಕೆ: ಡಾಕನ್ನು ಬೇರೆಯವರ ಜೊತೆ ಹಂಚಿಕೊಂಡಾಗ ಎಲ್ಲ ಟ್ಯಾಬುಗಳೂ ಅವರಿಗೆ ಕಾಣುತ್ತವೆ. ಟಿಪ್ಪಣಿಯಲ್ಲಿ ಕತೆಗೆ ಮೂಲವಾದ ನಿಜಜೀವನದ ವ್ಯಕ್ತಿಯ ಹೆಸರೋ ಮನೆಯ ವಿಷಯವೋ ಇದ್ದರೆ ಅದೂ ಹೋಗುತ್ತದೆ. ಓದಲು ಕೊಡುವಾಗ ‘ಕರಡು 2’ ಅನ್ನು ಮಾತ್ರ ನಕಲು ಮಾಡಿ ಹೊಸ ಡಾಕ್‌ನಲ್ಲಿ ಹಾಕಿ ಕೊಡಿ.

ಮೊದಲ ಕರಡು: ಇಲ್ಲಿ ಎಡವುತ್ತದೆ

ತಿದ್ದುವುದು ಇಷ್ಟು ಸಲೀಸಾಗಿರುವುದೇ ಮೊದಲ ಕರಡಿಗೆ ತೊಡಕು. ಮೊದಲ ಪ್ಯಾರಾವನ್ನೇ ಮತ್ತೆ ಮತ್ತೆ ಉಜ್ಜುತ್ತಾ ಕೂರುವಂತಾಗುತ್ತದೆ. ಕತೆ ಎತ್ತ ಹೋಗುತ್ತದೆ ಅಂತ ಗೊತ್ತಾಗುವ ಮೊದಲೇ ಉಜ್ಜಿದ ಆ ಪ್ಯಾರಾ ಬಹಳ ಸಲ ಕೊನೆಗೆ ಕತೆಯಲ್ಲೇ ಉಳಿಯುವುದಿಲ್ಲ. ಕರಡನ್ನು ರೂಲ್ಡ್ ಪುಸ್ತಕದಲ್ಲಿ ಕೈಯಲ್ಲಿ ಬರೆದು, ಡಾಕ್ಸ್‌ಗೆ ಟೈಪ್ ಮಾಡುವಾಗಲೇ ಮೊದಲ ತಿದ್ದುಪಡಿ ಮಾಡುವ ಪದ್ಧತಿ ನಮಗೆ ಮೆಚ್ಚುಗೆ. ಟೈಪ್ ಮಾಡಲು ಬೇಸರ ಬರುವ ವಾಕ್ಯ ಓದಲೂ ಬೇಸರ ತರುವಂಥದ್ದೇ ಆಗಿರುತ್ತದೆ. ಕೈ ಬರಹ ಆಗದು ಅನ್ನುವವರು ‘ಕರಡು 1’ ಟ್ಯಾಬಿನಲ್ಲಿ ಹಿಂದಕ್ಕೆ ಹೋಗದೆ ಬರೆಯುತ್ತಾ, ಅನುಮಾನ ಬಂದ ಕಡೆ ಒಂದು ನಕ್ಷತ್ರ ಗುರುತು ಹಾಕಿ ಮುಂದೆ ಸಾಗಲಿ. ಆಮೇಲೆ ಆ ಗುರುತನ್ನು ಹುಡುಕಿದರೆ ಎಲ್ಲವೂ ಒಂದೊಂದಾಗಿ ಸಿಗುತ್ತವೆ.

ಮಾತಾಡಿ ಬರೆಸುವ ಸೌಲಭ್ಯ ಟೂಲ್ಸ್ ಮೆನುವಿನಲ್ಲಿದೆ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿದರೆ ಮೈಕ್ ತೆರೆಯುತ್ತದೆ, ಅದರಲ್ಲಿ ಕನ್ನಡವೂ ಇದೆ. ಆದರೆ ಪೂರ್ಣವಿರಾಮ, ಅಲ್ಪವಿರಾಮ, ಉದ್ಧರಣ ಚಿಹ್ನೆಗಳನ್ನು ಕನ್ನಡದಲ್ಲಿ ಹೇಳಿ ಹಾಕಿಸಲು ಬರುವುದಿಲ್ಲ, ಎಲ್ಲವನ್ನೂ ಕೈಯಲ್ಲೇ ಸೇರಿಸಬೇಕು. ಇದಕ್ಕಿಂತ ದೊಡ್ಡ ಕೊರತೆ ಆಡುಮಾತಿನದು. ‘ಬರ್ತೀನಿ’, ‘ಬರ್ತೇನಿ’, ‘ಬತ್ತೀನಿ’ ಇವು ಮೂರು ಬೇರೆ ಊರಿನ, ಬೇರೆ ಮನೆಯ ಬಾಯಿಗಳು. ಯಂತ್ರ ತನಗೆ ಪರಿಚಯವಿರುವ ರೂಪಕ್ಕೆ ಎಳೆದುಕೊಳ್ಳುತ್ತದೆ. ಪಾತ್ರದ ಜಾಗ, ಜಾತಿ, ವಯಸ್ಸು ಎಲ್ಲ ಆ ಒಂದು ಕ್ರಿಯಾಪದದಲ್ಲಿ ಇರುವ ಭಾಷೆ ನಮ್ಮದು. ಹಾಗಾಗಿ ನಿರೂಪಣೆಯ ಭಾಗವನ್ನು ಬೇಕಾದರೆ ಮಾತಾಡಿ ಬರೆಸಿ, ಸಂಭಾಷಣೆಯನ್ನು ಟೈಪ್ ಮಾಡಿ.

ಫೋನಿನಲ್ಲಿ ಗೂಗಲ್‌ನ ಜಿಬೋರ್ಡ್ ಕೀಲಿಮಣೆ ಬಳಸುವವರಿಗೂ ಇದೇ ತೊಂದರೆ. ಅಲ್ಲಿ ಒಂದು ಪರಿಹಾರವಿದೆ: ಸೆಟ್ಟಿಂಗ್ಸ್‌ನ ಡಿಕ್ಷನರಿಯಲ್ಲಿ ಪರ್ಸನಲ್ ಡಿಕ್ಷನರಿ ತೆರೆದು, ಕನ್ನಡದ ಕೆಳಗೆ ನಿಮ್ಮ ಪಾತ್ರಗಳು ಆಡುವ ಇಪ್ಪತ್ತು ಮೂವತ್ತು ರೂಪಗಳನ್ನು ಸೇರಿಸಿಡಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರು ಇನ್ನೊಂದು ಬಗೆಯ ತಪ್ಪಿಗೆ ಸಿದ್ಧರಾಗಿರಬೇಕು. ‘ಹಳ್ಳಿ’ ಹೋಗಿ ‘ಹಲ್ಲಿ’, ‘ಬೆಳೆ’ ಹೋಗಿ ‘ಬೆಲೆ’. ಎರಡೂ ಸರಿಯಾದ ಪದಗಳೇ ಆದ್ದರಿಂದ ಯಾವ ಕಾಗುಣಿತ ತಪಾಸಣೆಯೂ ಹಿಡಿಯುವುದಿಲ್ಲ. ಇದಕ್ಕೆ ಮದ್ದು ಕತೆಯನ್ನು ಗಟ್ಟಿಯಾಗಿ ಓದುವುದು.

ತಿದ್ದುವ ಕೋಣೆ

ಡಾಕ್ಸ್‌ನ ನಿಜವಾದ ಬಲ ಇಲ್ಲಿದೆ. ಕರಡು ಮುಗಿದ ದಿನ ಫೈಲ್, ವರ್ಷನ್ ಹಿಸ್ಟರಿ, ನೇಮ್ ಕರೆಂಟ್ ವರ್ಷನ್ ಎಂಬಲ್ಲಿ ಹೋಗಿ ‘ಕರಡು 1, ತಿದ್ದಿದ್ದಲ್ಲ’ ಎಂದು ಹೆಸರು ಕೊಡಿ. ಡಾಕ್ಸ್ ತಾನಾಗಿಯೇ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುತ್ತದೆ ನಿಜ. ಆದರೆ ಹೆಸರಿಲ್ಲದ ಆವೃತ್ತಿಗಳನ್ನು ಕಾಲಕ್ರಮೇಣ ಒಟ್ಟುಗೂಡಿಸಿಬಿಡಬಹುದು, ಮತ್ತು ನೂರು ತಾರೀಕುಗಳ ನಡುವೆ ಬೇಕಾದ್ದನ್ನು ಹುಡುಕುವುದು ತ್ರಾಸ. ಹೆಸರಿದ್ದರೆ ಕರಡನ್ನು ನಿರ್ಭಯವಾಗಿ ಒಡೆಯಬಹುದು. ಕೆಟ್ಟರೆ ಹಳೆಯದಕ್ಕೆ ಮರಳಲು ಕೆಲವೇ ಕ್ಲಿಕ್ ಸಾಕು.

ಆಮೇಲೆ ಪೆನ್ಸಿಲ್ ಗುರುತನ್ನು ಒತ್ತಿ ಸಜೆಸ್ಟಿಂಗ್ ಎಂಬ ಬಗೆಗೆ ಬದಲಾಯಿಸಿ. ಈಗ ಅಳಿಸಿದ್ದು ಅಳಿಸಿಹೋಗದೆ ಗೀಟು ಎಳೆದಂತೆ ಉಳಿಯುತ್ತದೆ, ಸೇರಿಸಿದ್ದು ಬೇರೆ ಬಣ್ಣದಲ್ಲಿ ಬರುತ್ತದೆ. ಎರಡನ್ನೂ ಒಟ್ಟಿಗೆ ಕಾಣುವುದು ಕಲಿಕೆಗೆ ಬಹಳ ಮುಖ್ಯ. ಒಂದು ಉದಾಹರಣೆ ನೋಡೋಣ. ಕರಡಿನಲ್ಲಿ ಹೀಗಿದೆ:

‘ಮಗ ಫೋನ್ ಮಾಡಿಲ್ಲವಲ್ಲ ಎಂದು ಶಾಂತಕ್ಕನಿಗೆ ತುಂಬಾ ಬೇಸರವಾಗಿತ್ತು. ಅವನು ಚಿಕ್ಕವನಿದ್ದಾಗ ತನ್ನ ಸೆರಗು ಬಿಡುತ್ತಿರಲಿಲ್ಲ ಎಂಬುದು ನೆನಪಾಯಿತು.’

ತಿದ್ದಿದ ಮೇಲೆ:

‘ಶಾಂತಕ್ಕ ಮೊಬೈಲನ್ನು ಚಾರ್ಜಿನಿಂದ ತೆಗೆದಳು. ನೂರು ತೋರಿಸುತ್ತಿತ್ತು. ಮತ್ತೆ ಚಾರ್ಜಿಗೆ ಹಾಕಿದಳು.’

ಬೇಸರ ಎಂಬ ಪದ ಹೋಯಿತು, ಬೇಸರ ಉಳಿಯಿತು. ಮಗನ ಫೋನು ಬಂದಿಲ್ಲ ಎಂಬುದನ್ನು ಹೇಳುವ ಕೆಲಸ ಮುಂದಿನ ಸಂಭಾಷಣೆಗೆ ಸಿಕ್ಕಿತು. ನೆನಪಿನ ಸಾಲು ‘ಬಿಟ್ಟ ಸಾಲುಗಳು’ ಟ್ಯಾಬಿಗೆ ಹೋಯಿತು. ಅದನ್ನು ಅಲ್ಲೇ ಬಿಟ್ಟಿದ್ದರೆ ಅದರ ಹಿಂದೆ ಒಂದು ಪುಟದ ಬಾಲ್ಯ ಬಂದು ಕೂರುತ್ತಿತ್ತು, ಕತೆ ಎರಡನೇ ಪ್ಯಾರಾದಲ್ಲೇ ನಿಂತುಬಿಡುತ್ತಿತ್ತು.

ಇಂಥ ಜಾಗಗಳನ್ನು ಹುಡುಕಲು ಕಂಟ್ರೋಲ್, ಎಫ್ ಒತ್ತಿ ‘ನೆನಪಾಯಿತು’ ಎಂದು ಹಾಕಿ. ಎಷ್ಟು ಕಡೆ ಇದೆ ಎಂದು ಡಾಕ್ಸ್ ಎಣಿಸಿ ತೋರಿಸುತ್ತದೆ. ಎರಡು ಸಾವಿರ ಪದದ ಕತೆಯಲ್ಲಿ ಅದು ಮೂರಕ್ಕಿಂತ ಹೆಚ್ಚಿದ್ದರೆ ಕತೆ ಈಗಿನ ಕಾಲದಲ್ಲಿ ನಡೆಯುತ್ತಲೇ ಇಲ್ಲ ಎಂದು ಅನುಮಾನಿಸಬೇಕು. ಹಾಗೆಯೇ ‘ಅನ್ನಿಸಿತು’, ‘ಎನಿಸಿತು’, ‘ಯೋಚಿಸಿದ’, ‘ಒಮ್ಮೆಲೇ’, ‘ಯಾಕೋ’ ಇವನ್ನು ಹುಡುಕಿ. ‘ಯಾಕೋ’ ಎಂಬುದು ಕಾರಣ ಗೊತ್ತಿಲ್ಲದ ಕಡೆ ಕತೆಗಾರರು ಹಚ್ಚುವ ತೇಪೆ. ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ಸರಿ, ಬರೆಯುವವರಿಗೇ ಗೊತ್ತಿಲ್ಲದಿದ್ದರೆ ಅಲ್ಲಿ ಇನ್ನೂ ಕೆಲಸ ಬಾಕಿ ಇದೆ.

ಕನ್ನಡದಂಥ ಭಾಷೆಗಳಲ್ಲಿ ನುಸುಳುವ ಇನ್ನೊಂದು ದೋಷವನ್ನೂ ಹೀಗೆಯೇ ಹಿಡಿಯಬಹುದು. ಶಾಂತಕ್ಕನನ್ನು ನಿರೂಪಕರು ‘ತೆಗೆದಳು’ ಅನ್ನುತ್ತಾರೋ ‘ತೆಗೆದರು’ ಅನ್ನುತ್ತಾರೋ ಎಂಬುದರಲ್ಲಿ ನಿರೂಪಕರಿಗೂ ಆಕೆಗೂ ಇರುವ ದೂರ ನಿಂತಿದೆ. ಏಕವಚನದಲ್ಲಿ ಒಳಗೆ ಹೋಗಬಹುದು, ಬಹುವಚನದಲ್ಲಿ ಸ್ವಲ್ಪ ಹೊರಗೆ ನಿಂತು ನೋಡುತ್ತೇವೆ. ಎರಡು ತಿಂಗಳು ಎಳೆದ ಕತೆಯಲ್ಲಿ ಇವೆರಡೂ ಬೆರೆತುಹೋಗುವುದು ಬಹಳ ಸಾಮಾನ್ಯ. ‘ದಳು’, ‘ತಳು’ ಎಂದು ಒಮ್ಮೆ, ‘ದರು’, ‘ತರು’ ಎಂದು ಇನ್ನೊಮ್ಮೆ ಹುಡುಕಿ, ಒಂದೊಂದನ್ನೂ ನೋಡಿ. ‘ಹೋದ’, ‘ಹೋಗುತ್ತಾನೆ’ ಎಂಬ ಕಾಲದ ಬೆರಕೆಗೂ ಇದೇ ಉಪಾಯ.

ಹುಡುಕಿದ್ದು ಸಿಗದಿದ್ದರೆ ಕಣ್ಣಿಗೆ ಕಾಣದ ಅಕ್ಷರವೊಂದು ಕಾರಣವಾಗಿರಬಹುದು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ ಒತ್ತಾಗಿ ಸೇರದಂತೆ ನಡುವೆ ಒಂದು ಜೋಡಿಸದ ಗುರುತು ಇರುತ್ತದೆ. ಕತೆಯಲ್ಲಿ ಆ ಗುರುತಿದ್ದು, ಹುಡುಕುವ ಪದದಲ್ಲಿ ಇಲ್ಲದಿದ್ದರೆ ಎರಡೂ ಒಂದೇ ಎಂದು ಯಂತ್ರಕ್ಕೆ ಗೊತ್ತಾಗದಿರಬಹುದು. ಕತೆಯಿಂದಲೇ ಪದವನ್ನು ನಕಲು ಮಾಡಿ ಹುಡುಕುವ ಪೆಟ್ಟಿಗೆಗೆ ಹಾಕಿದರೆ ಕೆಲಸ ಆಗುತ್ತದೆ.

ಪದಗಳ ಎಣಿಕೆಗೆ ಕಂಟ್ರೋಲ್, ಶಿಫ್ಟ್, ಸಿ. ಕನ್ನಡದಲ್ಲಿ ಇದು ಬಿಡಿಸಿ ಬರೆಯುವ ರೂಢಿಯನ್ನು ಅವಲಂಬಿಸಿದೆ. ‘ಹೋಗಬೇಕಾಗಿತ್ತು’ ಒಂದು ಪದ, ‘ಹೋಗ ಬೇಕಾಗಿತ್ತು’ ಎರಡು. ಅಕ್ಷರ ಎಣಿಕೆಯಂತೂ ನಾವು ಅಕ್ಷರ ಎನ್ನುವುದಕ್ಕೆ ಹೊಂದುವುದೇ ಇಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರ ಯಂತ್ರದ ಲೆಕ್ಕದಲ್ಲಿ ಆರು. ಸ್ಪರ್ಧೆಯ ಪ್ರಕಟಣೆಯಲ್ಲಿ ಕೊಟ್ಟ ಪದಮಿತಿಗಿಂತ ನೂರು ಪದ ಕಡಿಮೆ ಇರುವಂತೆ ನೋಡಿಕೊಳ್ಳುವುದು ಕ್ಷೇಮ.

ಓದುಗರಿಗೆ ಕೊಡುವುದು

ಇಬ್ಬರಿಂದ ನಾಲ್ವರಿಗೆ ಕೊಡಿ. ಹಂಚಿಕೊಳ್ಳುವಾಗ ಎಡಿಟರ್ ಎಂದು ಕೊಡಬೇಡಿ, ಕಮೆಂಟರ್ ಎಂದು ಕೊಡಿ. ಕಮೆಂಟರ್ ಆದವರು ಟಿಪ್ಪಣಿಯನ್ನೂ ಹಾಕಬಹುದು, ತಿದ್ದುಪಡಿಯನ್ನೂ ಸೂಚಿಸಬಹುದು. ನೀವು ಒಪ್ಪುವ ತನಕ ಕತೆ ಬದಲಾಗುವುದಿಲ್ಲ. ‘ಹೇಗಿದೆ ಹೇಳಿ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುವುದು. ಡಾಕಿನ ತಲೆಯಲ್ಲೇ ಮೂರು ಪ್ರಶ್ನೆ ಬರೆದಿಡಿ: ಓದು ಎಲ್ಲಿ ನಿಂತಿತು? ಇದು ಯಾರ ಕತೆ ಅನ್ನಿಸಿತು? ಕೊನೆಯ ಪ್ಯಾರಾ ತೆಗೆದರೆ ಏನು ಕಳೆದುಹೋಗುತ್ತದೆ? ಮೂರನೆಯದಕ್ಕೆ ‘ಏನಿಲ್ಲ’ ಎಂದು ಇಬ್ಬರು ಹೇಳಿದರೆ ಕೊನೆಯ ಪ್ಯಾರಾ ತೆಗೆದುಬಿಡಿ.

ಇಬ್ಬರು ಒಂದೇ ಸಾಲಿನ ಮೇಲೆ ಬೆರಳಿಟ್ಟರೆ ಅಲ್ಲಿ ತೊಂದರೆ ಇರುವುದು ಬಹುತೇಕ ಖಚಿತ. ಅವರು ಸೂಚಿಸಿದ ಪರಿಹಾರ ಮಾತ್ರ ಸರಿಯಿರಬೇಕೆಂದಿಲ್ಲ. ಐದನೇ ಪುಟದಲ್ಲಿ ಗೊಂದಲ ಅನ್ನಿಸಿದ್ದಕ್ಕೆ ಬೇರು ಎರಡನೇ ಪುಟದಲ್ಲಿ ಇರಬಹುದು. ಎಲ್ಲ ಸೂಚನೆಗಳನ್ನೂ ಒಂದೇ ಏಟಿಗೆ ಒಪ್ಪಿಕೊಳ್ಳುವ ಬಟನ್ ಡಾಕ್ಸ್‌ನಲ್ಲಿದೆ. ಕತೆಯ ವಿಷಯದಲ್ಲಿ ಅದನ್ನು ಮುಟ್ಟಲೇಬಾರದು.

ಶೀಟ್ಸ್: ವರ್ಷದ ಲೆಕ್ಕ

ಒಂದು ಶೀಟ್, ಹತ್ತು ಕಾಲಂ ಸಾಕು: ಕತೆಯ ಹೆಸರು, ಈ ಕತೆಯ ಪಟ್ಟು, ಕರಡು ಶುರು, ಕರಡು ಮುಗಿದದ್ದು, ಪದ, ಓದಿದವರು, ಎಲ್ಲಿಗೆ ಕಳಿಸಿದ್ದು, ಕಳಿಸಿದ ದಿನ, ಉತ್ತರ, ಮುಂದೇನು. ಒಂದೇ ಕತೆ ಎರಡನೇ ಪತ್ರಿಕೆಗೆ ಹೋದರೆ ಅದಕ್ಕೆ ಹೊಸ ಸಾಲು ಹಾಕಿ, ಹಳೆಯದನ್ನು ಅಳಿಸಬೇಡಿ.

ಶುರುವಿನಲ್ಲೇ ಮಾಡಬೇಕಾದ ಒಂದು ಕೆಲಸವಿದೆ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಎಂಬುದನ್ನು ಇಂಡಿಯಾ ಎಂದು ಮಾಡಿ. ಅದು ಅಮೆರಿಕ ಎಂದಿದ್ದರೆ 5/3 ಎಂದು ನೀವು ಹಾಕಿದ ಮಾರ್ಚ್ ಐದನ್ನು ಮೇ ಮೂರು ಎಂದು ಓದುತ್ತದೆ. 12ರ ನಂತರದ ತಾರೀಕುಗಳನ್ನು ತಾರೀಕು ಎಂದೇ ಪರಿಗಣಿಸುವುದಿಲ್ಲ. ಆಗ ದಿನಗಳ ಲೆಕ್ಕವೆಲ್ಲ ತಪ್ಪುತ್ತದೆ, ತಪ್ಪಿದ್ದು ಬೇಗ ಗೊತ್ತೂ ಆಗುವುದಿಲ್ಲ. ಕಂಟ್ರೋಲ್ ಮತ್ತು ಅರ್ಧವಿರಾಮ ಕೀಲಿ ಒಟ್ಟಿಗೆ ಒತ್ತಿದರೆ ಇವತ್ತಿನ ತಾರೀಕು ತಾನೇ ಬರುತ್ತದೆ.

ಇನ್ನೊಂದು ಕಾಲಂನಲ್ಲಿ ‘ಟುಡೇ’ ಸೂತ್ರದಿಂದ ಕಳಿಸಿದ ದಿನವನ್ನು ಕಳೆದರೆ ಎಷ್ಟು ದಿನವಾಯಿತು ಎಂದು ದಿನವೂ ತಾನಾಗಿ ಏರುತ್ತಾ ಹೋಗುತ್ತದೆ. ಫಾರ್ಮ್ಯಾಟ್ ಮೆನುವಿನ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ 90ಕ್ಕಿಂತ ಹೆಚ್ಚಾದರೆ ಬಣ್ಣ ಬರುವಂತೆ ಮಾಡಿಡಿ. ಎಷ್ಟೋ ಕಡೆ ಕತೆ ಆಯ್ಕೆಯಾಗದಿದ್ದರೆ ಉತ್ತರವೇ ಬರುವುದಿಲ್ಲ. ಬಣ್ಣ ಬಂದ ದಿನ ವಿನಯದಿಂದ ಒಂದು ಸಾಲಿನ ಮೇಲ್ ಹಾಕಿ ವಿಚಾರಿಸಿ. ಇನ್ನೂ ಎರಡು ವಾರ ಸುದ್ದಿ ಇಲ್ಲದಿದ್ದರೆ ಕತೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರುವುದಾಗಿ ತಿಳಿಸಿ ಬೇರೆ ಕಡೆ ಕಳಿಸಿ. ಒಂದೇ ಕತೆಯನ್ನು ಏಕಕಾಲಕ್ಕೆ ಎರಡು ಪತ್ರಿಕೆಗೆ ಕಳಿಸುವುದು ಮಾತ್ರ ಬೇಡ. ಎರಡೂ ಕಡೆ ಅಚ್ಚಾದರೆ ಸಂಪಾದಕರ ವಿಶ್ವಾಸ ಹೋಗುತ್ತದೆ. ಈ ತಪ್ಪು ಆಗದಂತೆ ಕಾಯುವುದು ಶೀಟಿನ ದೊಡ್ಡ ಪ್ರಯೋಜನ.

ವರ್ಷದ ಕಥಾಸ್ಪರ್ಧೆಗಳನ್ನೂ ಇದೇ ಶೀಟಿನ ಇನ್ನೊಂದು ಹಾಳೆಯಲ್ಲಿ ಬರೆದಿಡಿ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೆ ಹಬ್ಬಕ್ಕೆ ತಿಂಗಳುಗಳ ಮೊದಲೇ ಕರೆ ಬರುತ್ತದೆ. ಛಂದ ಪುಸ್ತಕ ಬಹುಮಾನ ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಇರುವುದು, ಅದಕ್ಕೆ ಒಂದು ಕತೆ ಸಾಲದು. ವರ್ಷಕ್ಕೆ ಆರರಂತೆ ಎರಡು ವರ್ಷಕ್ಕೆ ಹನ್ನೆರಡು ಕತೆ ಆಗುತ್ತವೆ, ಅದರಲ್ಲಿ ಆರಿಸಲು ಜಾಗವಿರುತ್ತದೆ.

ಕಳಿಸುವಾಗ ಕೆಡುವ ಸಂಗತಿಗಳು

ಡಾಕ್ಸ್‌ನ ಲಿಂಕನ್ನು ಯಾವ ಪತ್ರಿಕೆಗೂ ಕಳಿಸಬೇಡಿ. ಅನುಮತಿ ಸರಿಯಾಗಿ ಕೊಟ್ಟಿರದಿದ್ದರೆ ಸಂಪಾದಕರಿಗೆ ಕಾಣುವುದು ಅನುಮತಿ ಕೇಳುವ ಪರದೆ ಮಾತ್ರ. ಜೊತೆಗೆ ಲಿಂಕಿನ ಮೂಲಕ ಬರೆದವರ ಖಾತೆಯ ಹೆಸರು ಗೊತ್ತಾಗಬಹುದು. ಹಸ್ತಪ್ರತಿಯ ಮೇಲೆ ಹೆಸರಿರಬಾರದು ಎಂಬ ನಿಯಮವಿರುವ ಸ್ಪರ್ಧೆಯಲ್ಲಿ ಅಷ್ಟರಿಂದಲೇ ಕತೆ ಹೊರಬೀಳಬಹುದು. ಮುಗಿದ ಕತೆಯನ್ನು ಹೊಸ ಡಾಕ್‌ಗೆ ನಕಲು ಮಾಡಿ, ಡೌನ್‌ಲೋಡ್‌ನಲ್ಲಿ ವರ್ಡ್ ಮತ್ತು ಪಿಡಿಎಫ್ ಎರಡನ್ನೂ ಇಳಿಸಿಕೊಳ್ಳಿ. ಪಿಡಿಎಫ್ ಓದುವುದಕ್ಕೆ, ವರ್ಡ್ ಪುಟ ಕಟ್ಟುವವರಿಗೆ. ಪಿಡಿಎಫ್ ಒಂದನ್ನೇ ಕೊಟ್ಟರೆ ಅದರಿಂದ ಕನ್ನಡವನ್ನು ನಕಲು ಮಾಡುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಅಲ್ಲಿನವರು ಮತ್ತೆ ಟೈಪ್ ಮಾಡಬೇಕಾಗುತ್ತದೆ.

‘ನುಡಿಯಲ್ಲೇ ಕಳಿಸಿ’ ಅನ್ನುವವರು ಈಗಲೂ ಇದ್ದಾರೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಬಗೆಯ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲ. ಅಲ್ಲಿಂದ ನೇರ ಡಾಕ್ಸ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಯೂನಿಕೋಡ್ ಪರಿವರ್ತಕ ಬಳಸಿ ಬದಲಾಯಿಸಬಹುದು. ಆದರೆ ಹಳೆಯ ಕತೆಯ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಪದಗಳಿದ್ದರೆ ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿಬಿಡುತ್ತದೆ. ಅರ್ಕಾವೊತ್ತು, ಉದ್ಧರಣ ಚಿಹ್ನೆ, ಅಂಕಿ ಇವನ್ನೂ ಒಂದೊಂದಾಗಿ ನೋಡಬೇಕು.

ಫೈಲ್ ಮೆನುವಿನ ಶೇರ್‌ನಲ್ಲಿ ಪಬ್ಲಿಷ್ ಟು ವೆಬ್ ಎಂಬುದೊಂದಿದೆ. ಅದನ್ನು ಒತ್ತಿದರೆ ಕತೆ ಸಾರ್ವಜನಿಕ ಪುಟವಾಗುತ್ತದೆ. ಎಲ್ಲಿಯೂ ಪ್ರಕಟವಾಗಿರಬಾರದು ಎಂಬ ನಿಯಮಕ್ಕೆ ಅದು ಅಡ್ಡ ಬರಬಹುದು, ಹಾಗಾಗಿ ಆ ಕಡೆ ಹೋಗದಿರುವುದೇ ಲೇಸು.

ಖರ್ಚು, ಭದ್ರತೆ, ಬೇರೆ ಆಯ್ಕೆಗಳು

ಖಾತೆಗೆ 15 ಜಿಬಿ ಉಚಿತ. ಕತೆಗಳು ಅದರಲ್ಲಿ ಲೆಕ್ಕಕ್ಕೇ ಬರದಷ್ಟು ಸಣ್ಣವು. ಆದರೆ ಆ ಜಾಗ ಜಿಮೇಲ್ ಮತ್ತು ಫೋಟೋಗಳಿಗೂ ಸೇರಿ ಇರುವುದು. ಮದುವೆಯ ವಿಡಿಯೊಗಳಿಂದ ಅದು ತುಂಬಿದರೆ ಹೊಸ ಡಾಕ್ ಮಾಡಲು ಆಗುವುದಿಲ್ಲ, ಮೇಲ್ ಕೂಡ ನಿಲ್ಲುತ್ತದೆ. ಸ್ಪರ್ಧೆಯ ಕೊನೆಯ ದಿನ ಇದು ಗೊತ್ತಾಗಬಾರದು. ಬರವಣಿಗೆಗೇ ಬೇರೆ ಖಾತೆ ಮಾಡಿಕೊಳ್ಳುವವರು ಇನ್ನೊಂದು ನೆನಪಿಡಬೇಕು: ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ ಅಳಿಸಬಹುದು. ನೆಟ್ ಕೈಕೊಡುವ ಊರಿನಲ್ಲಿರುವವರು ಫೈಲ್ ಮೆನುವಿನ ಮೇಕ್ ಅವೈಲಬಲ್ ಆಫ್‌ಲೈನ್ ಅನ್ನು ಮೊದಲೇ ಒತ್ತಿಟ್ಟಿರಬೇಕು, ನೆಟ್ ಹೋದ ಮೇಲೆ ಒತ್ತಿದರೆ ಬರುವುದಿಲ್ಲ.

ಕಂಪ್ಯೂಟರಿನ ಡ್ರೈವ್ ಫೋಲ್ಡರಿನಲ್ಲಿ ಕಾಣುವ ಡಾಕ್ಸ್ ಕಡತ ನಿಜವಾದ ಕಡತವಲ್ಲ, ಬರೀ ಕೊಂಡಿ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಕತೆ ಹಾಕಿಕೊಂಡಂತಾಗುವುದಿಲ್ಲ. ತಿಂಗಳಿಗೊಮ್ಮೆ ವರ್ಡ್ ರೂಪದಲ್ಲಿ ಇಳಿಸಿಟ್ಟುಕೊಳ್ಳಿ.

ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶ ಉಚಿತ, ನೆಟ್ ಬೇಡ, ಕತೆ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಅಲ್ಲಿ ಕನ್ನಡದಂಥ ಲಿಪಿಗಳಿಗೆ ಫಾಂಟ್ ಮತ್ತು ಗಾತ್ರವನ್ನು ಬೇರೆಯಾಗಿಯೇ ಹೊಂದಿಸಬೇಕು. ಇದು ಗೊತ್ತಿಲ್ಲದೆ ‘ಗಾತ್ರ ಬದಲಾಯಿಸಿದರೂ ಅಕ್ಷರ ದೊಡ್ಡದಾಗುತ್ತಿಲ್ಲ’ ಎಂದು ಒದ್ದಾಡುವವರಿದ್ದಾರೆ. ಒಬ್ಬರೇ ಬರೆದು ಒಬ್ಬರೇ ತಿದ್ದುವವರಿಗೆ ಅದು ಸಾಕು. ನಾಲ್ಕು ಜನ ಓದಿ ಟಿಪ್ಪಣಿ ಹಾಕಬೇಕು ಅನ್ನುವವರಿಗೆ ಡಾಕ್ಸ್ ಎಷ್ಟೋ ಮುಂದಿದೆ.

ಡಿಸೆಂಬರ್ ಕೊನೆಯ ವಾರ ಶೀಟನ್ನು ತೆರೆದು ಅದರ ಒಂದು ನಕಲು ಮಾಡಿ, ಹೆಸರಿನಲ್ಲಿ ವರ್ಷ ಬದಲಾಯಿಸಿ. ಉತ್ತರ ಬಾರದ ಸಾಲುಗಳನ್ನೂ, ವಾಪಸು ಬಂದು ‘ಮುಂದೇನು’ ಖಾಲಿ ಇರುವ ಸಾಲುಗಳನ್ನೂ ಹೊಸ ಹಾಳೆಗೆ ತನ್ನಿ, ಉಳಿದವು ಹಳೆಯದರಲ್ಲೇ ಇರಲಿ. ‘ಪಟ್ಟು’ ಕಾಲಂನಲ್ಲಿ ಕೈಗೆ ಬಾರದೆ ಉಳಿದ ಒಂದನ್ನು ಆರಿಸಿ ಹೊಸ ವರ್ಷದ ಮೊದಲ ಕತೆಯ ಮುಂದೆ ಬರೆಯಿರಿ. ‘ಬಿಟ್ಟ ಸಾಲುಗಳು’ ಟ್ಯಾಬುಗಳನ್ನು ಆರೂ ಕತೆಯಿಂದ ಒಂದು ಡಾಕ್‌ಗೆ ಸೇರಿಸಿ ಓದಿ. ಹೊಸ ಕತೆಗಳ ಬೀಜ ಅಲ್ಲೇ ಒಂದೆರಡು ಸಿಗುತ್ತವೆ.